ಹಿರಿಯರಿಗೆ ಬರುವ ಮೋಸದ ಕರೆಗಳು: ಭಾಷಣ ಆಯಿತು, ಇನ್ನು ಮನೆಮನೆಗೆ ಹೋಗಿ ಮಾಡಬೇಕಾದ್ದೇನು?

ಡೊಂಬಿವಲಿ_ಬಳಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಡೊಂಬಿವಲಿ ಪೂರ್ವದಲ್ಲಿ ನಾವು 11 ಮಂದಿ ಸೇರಿ ಅಕ್ಕಪಕ್ಕದ ಸುಮಾರು 40 ಕನ್ನಡ, ತುಳು ಮನೆಗಳ ಹಿರಿಯರನ್ನು ವಿಚಾರಿಸಿಕೊಳ್ಳುವ ಒಂದು ತಂಡ ಕಟ್ಟುತ್ತಿದ್ದೇವೆ. ವಾರಕ್ಕೊಂದು ಫೋನು, 15 ದಿನಕ್ಕೊಂದು ಭೇಟಿ, ಔಷಧ ತಂದುಕೊಡುವುದು, ಆಸ್ಪತ್ರೆಗೆ ಜತೆಗೆ ಹೋಗುವುದು, ಇಷ್ಟನ್ನು ಒಪ್ಪಿಕೊಂಡಿದ್ದೇವೆ. ಇದರ ಜತೆ ಫೋನ್ ವಂಚನೆಯಿಂದ ಅವರನ್ನು ಕಾಯುವ ಕೆಲಸವನ್ನೂ ಸೇರಿಸಬೇಕೆಂದಿದ್ದೇವೆ.

ಹೆಚ್ಚಿನವರು 65ರಿಂದ 85 ವರ್ಷದವರು. ಮಕ್ಕಳು ಬೆಂಗಳೂರು, ಪುಣೆ, ಗಲ್ಫ್‌ನಲ್ಲಿದ್ದಾರೆ. ಕೆಲವರಿಗೆ ರೈಲ್ವೆ ಪಿಂಚಣಿ, ಕೆಲವರಿಗೆ ಇಪಿಎಸ್-95ರ, ಅಂದರೆ ಪಿಎಫ್ ಕಚೇರಿಯಿಂದ ಬರುವ, ಸಣ್ಣ ಪಿಂಚಣಿ, ಹೋಟೆಲ್ ನಡೆಸಿದವರಿಗೆ ಎಫ್‌ಡಿ ಬಡ್ಡಿಯೇ ಆಧಾರ. ಹಿಂದಿ, ಮರಾಠಿ ಮಾತಿಗೆ ತೊಂದರೆ ಇಲ್ಲ. ಆದರೆ ಎಷ್ಟೋ ತಾಯಂದಿರಿಗೆ ಓದಲು ಬರುವುದು ಕನ್ನಡ ಮಾತ್ರ. ಬ್ಯಾಂಕಿನ ಮೆಸೇಜು ಇಂಗ್ಲಿಷ್‌ನಲ್ಲಿ, ಸೊಸೈಟಿಯ ನೋಟಿಸ್ ಮರಾಠಿಯಲ್ಲಿ.

ಜಾಗೃತಿ ಭಾಷಣ ಒಂದು ಮಾಡಿಸಿ ಆಗಿದೆ. ಎಲ್ಲರೂ ತಲೆಯಾಡಿಸಿದರು, ಚಹಾ ಕುಡಿದು ಹೋದರು. ಈಗ ಬೇಕಿರುವುದು ಕೆಲಸದ ಮಾತು. ಬ್ಯಾಂಕಿನಲ್ಲಿ ಏನು ಬದಲಿಸಬೇಕು? ಫೋನಿನಲ್ಲಿ ಏನು ಸೆಟ್ ಮಾಡಬೇಕು? ಹಣ ಹೋದ ಕೂಡಲೇ ಯಾವ ಕ್ರಮದಲ್ಲಿ ಏನು ಮಾಡಬೇಕು? ಮತ್ತು ಈ ಎಲ್ಲದರಲ್ಲಿ ಅವರ ಮಾನಕ್ಕೆ ಕುಂದು ಬಾರದಂತೆ ನಡೆದುಕೊಳ್ಳುವುದು ಹೇಗೆ? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

ಪಾಸ್‌ಬುಕ್ ಬರೆದದ್ದು:

ಬ್ಯಾಂಕಿನ ಕಡೆಯದನ್ನು ನಾನು ಹೇಳುತ್ತೇನೆ. ಎಷ್ಟು ಪಾಠ ಹೇಳಿದರೂ ಹೆದರಿದ ಗಳಿಗೆಯಲ್ಲಿ ಅದು ನೆನಪಿಗೆ ಬರುವುದಿಲ್ಲ. ಹಾಗಾಗಿ ಹಣ ಹೊರಗೆ ಹೋಗುವ ಬಾಗಿಲನ್ನೇ ಮುಂಚಿತವಾಗಿ ಕಿರಿದು ಮಾಡಿಡಬೇಕು. ಹೆದರಿಕೆಯಲ್ಲಿ ತಪ್ಪು ಮಾಡಿದರೂ 8 ಸಾವಿರ ಹೋಗಬೇಕೇ ಹೊರತು 18 ಲಕ್ಷ ಹೋಗಬಾರದು.

ಮೊದಲನೆಯದು ಎರಡು ಖಾತೆ. ಪಿಂಚಣಿ ಬೀಳುವ, ಎಫ್‌ಡಿ ಇರುವ ಖಾತೆಗೆ ಯುಪಿಐ ಬೇಡ, ನೆಟ್ ಬ್ಯಾಂಕಿಂಗ್ ಇದ್ದರೆ ಬರೀ ನೋಡುವ ಸೌಲಭ್ಯ ಸಾಕು. ಇನ್ನೊಂದು ಉಳಿತಾಯ ಖಾತೆ ತೆರೆದು ತಿಂಗಳ ಖರ್ಚಿನಷ್ಟು, ಅಂದರೆ 8ರಿಂದ 10 ಸಾವಿರ, ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಮೂಲಕ ತಾನಾಗಿ ಬೀಳುವಂತೆ ಮಾಡಿ. ಯುಪಿಐ, ಎಟಿಎಂ ಕಾರ್ಡ್ ಎಲ್ಲ ಆ ಸಣ್ಣ ಖಾತೆಗೆ. ಇಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ. ಪಿಂಚಣಿ ಖಾತೆಗೆ ಡೆಬಿಟ್ ಕಾರ್ಡ್ ತೆಗೆದುಕೊಳ್ಳದಿದ್ದರೆ ಯುಪಿಐ ಆಗುವುದಿಲ್ಲ ಎಂದು ನಂಬುತ್ತಾರೆ. ಕಾರ್ಡ್ ಇಲ್ಲದಿದ್ದರೂ ಆಧಾರ್ ಒಟಿಪಿಯಿಂದ ಯುಪಿಐ ಪಿನ್ ಮಾಡಿಕೊಳ್ಳಬಹುದು. ಅದಕ್ಕೇ ಆ ಖಾತೆಗೆ ಯುಪಿಐ ಬೇಡವೆಂದು ಶಾಖೆಗೆ ಬರೆದುಕೊಟ್ಟು, ನಿಲ್ಲಿಸಲಾಗುತ್ತದೆಯೇ ಎಂದು ಕೇಳಿ, ಅರ್ಜಿಯ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಎರಡನೆಯದು ಎಫ್‌ಡಿ. ದೊಡ್ಡ ಮೊತ್ತ ಹೋಗುವುದು ಇಲ್ಲಿಂದಲೇ. ಮೋಸಗಾರ ಎಫ್‌ಡಿ ಮುರಿಸಿಯೇ ಹಣ ತೆಗೆಸಬೇಕೆಂದಿಲ್ಲ. ಎಫ್‌ಡಿ ಮೇಲೆ ಆನ್‌ಲೈನಿನಲ್ಲೇ ಓವರ್‌ಡ್ರಾಫ್ಟ್, ಅಂದರೆ ಅದನ್ನು ಅಡವಿಟ್ಟ ಸಾಲ, ತೆಗೆಸುತ್ತಾನೆ, ಆಪ್‌ನಲ್ಲಿ ಮೊದಲೇ ಮಂಜೂರಾಗಿ ಕೂತಿರುವ ಸಾಲವನ್ನೂ ತೆಗೆಸುತ್ತಾನೆ. ಆದ್ದರಿಂದ ಶಾಖೆಯಲ್ಲಿ ಮೂರು ವಿಷಯ ಬಿಡಿಬಿಡಿಯಾಗಿ ಕೇಳಿ: ಅವಧಿಗೆ ಮೊದಲು ಆನ್‌ಲೈನಿನಲ್ಲಿ ಮುರಿಯುವುದನ್ನು ನಿಲ್ಲಿಸುವುದು, ಎಫ್‌ಡಿ ಮೇಲಿನ ಓವರ್‌ಡ್ರಾಫ್ಟ್ ನಿಲ್ಲಿಸುವುದು, ತಯಾರಿರುವ ಸಾಲದ ಆಫರ್ ತೆಗೆಸುವುದು.

ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿರುವ ಎಫ್‌ಡಿಗಳು ಸಾಮಾನ್ಯವಾಗಿ ‘ಈದರ್ ಆರ್ ಸರ್ವೈವರ್’ ಎಂದಿರುತ್ತವೆ. ಒಬ್ಬರ ಸಹಿ ಸಾಕು. ‘ಜಾಯಿಂಟ್ಲಿ’ ಎಂದು ಬದಲಿಸಿದರೆ ಇಬ್ಬರ ಸಹಿ ಬೇಕು. ಒಬ್ಬರು ಹೆದರಿದರೂ ಇನ್ನೊಬ್ಬರು ತಡೆಯಬಹುದು. ಆದರೆ ಇದಕ್ಕೊಂದು ಬೆಲೆ ಇದೆ. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಉಳಿದವರಿಗೆ ಹಣ ನೇರವಾಗಿ ಸಿಗುವುದಿಲ್ಲ, ವಾರಸುದಾರರ ಕಾಗದಪತ್ರ ಎಲ್ಲ ಆಗಬೇಕು. ಹಾಗಾಗಿ ಎಲ್ಲ ಎಫ್‌ಡಿಗಳಿಗೂ ಹೀಗೆ ಮಾಡಿಸಬೇಡಿ. ಆಸ್ಪತ್ರೆ ಖರ್ಚಿಗೆ ತಕ್ಷಣ ಬೇಕಾಗುವ ಒಂದೆರಡನ್ನು ಹಳೆಯ ರೀತಿಯಲ್ಲೇ ಬಿಡಿ. ನಾಮಿನಿ ಹೆಸರು ಎಲ್ಲದರಲ್ಲೂ ಇದೆಯೇ ನೋಡಿ.

ಕಾರ್ಡಿನ ವಿಷಯದಲ್ಲಿ ಆನ್‌ಲೈನ್, ವಿದೇಶ, ಟ್ಯಾಪ್ ಮೂರನ್ನೂ ಆಫ್ ಮಾಡಿ, ಎಟಿಎಂ ಮಿತಿ ದಿನಕ್ಕೆ 5 ಸಾವಿರಕ್ಕೆ ಇಳಿಸಿ. ಗ್ರಾಹಕರಿಗೆ ಈ ಸ್ವಿಚ್ಚುಗಳನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲೇ ಹೇಳಿದೆ.

ಯುಪಿಐ ಬೇಕೇಬೇಕು, ಆದರೆ ಖಾತೆ ಜೋಡಿಸಲು ಭಯ ಎನ್ನುವವರಿಗೆ ಯುಪಿಐ ಸರ್ಕಲ್ ಇದೆ, ಒಬ್ಬರ ಖಾತೆಯಿಂದ ಇನ್ನೊಬ್ಬರು ತಮ್ಮ ಫೋನಿನಲ್ಲಿ ಪಾವತಿಸುವ ಸೌಲಭ್ಯ. ಮಗಳೋ ಮಗನೋ ಮುಖ್ಯ ಬಳಕೆದಾರ, ತಾಯಿ ಎರಡನೇ ಬಳಕೆದಾರರು. ಪೂರ್ಣ ಅನುಮತಿ ಕೊಟ್ಟರೆ ತಿಂಗಳಿಗೆ ಹೆಚ್ಚೆಂದರೆ 15 ಸಾವಿರ, ಒಂದು ಸಲಕ್ಕೆ ಹೆಚ್ಚೆಂದರೆ 5 ಸಾವಿರ. ಭಾಗಶಃ ಅನುಮತಿಯಾದರೆ ಪ್ರತಿ ಪಾವತಿಗೂ ಮಗಳ ಫೋನಿಗೆ ಕೋರಿಕೆ ಹೋಗಿ, ಅಲ್ಲಿ ಪಿನ್ ಹಾಕಿದ ಮೇಲೆಯೇ ಹಣ ಹೋಗುತ್ತದೆ. ಮಗಳು ಗಲ್ಫ್‌ನಲ್ಲಿ ನಿದ್ದೆಯಲ್ಲಿದ್ದರೆ ತಾಯಿಗೆ ಇಲ್ಲಿ ತರಕಾರಿ ಸಿಗುವುದಿಲ್ಲ. ಅಂಥ ಮನೆಗಳಿಗೆ ಪೂರ್ಣ ಅನುಮತಿ ಕೊಟ್ಟು ಮಿತಿಯನ್ನು 4 ಸಾವಿರಕ್ಕೆ ಇಡುವುದು ವಾಸಿ.

ಕೊನೆಗೆ ಶಾಖೆಯ ಮ್ಯಾನೇಜರರನ್ನು ತಂಡದಿಂದ ಒಮ್ಮೆ ಹೋಗಿ ಕಾಣಿ. ‘ಡಿಜಿಟಲ್ ಅರೆಸ್ಟ್’ ಎಂದು, ಅಂದರೆ ಪೊಲೀಸರ ವೇಷದಲ್ಲಿ ವಿಡಿಯೊ ಕಾಲಿನಲ್ಲೇ ನಿಮ್ಮನ್ನು ಬಂಧಿಸಿದ್ದೇವೆ ಎಂದು, ಹೆದರಿಸುವವರು ಎಷ್ಟೋ ಸಲ ಹಿರಿಯರನ್ನು ಶಾಖೆಗೇ ಕಳುಹಿಸಿ ದೊಡ್ಡ ಮೊತ್ತ ವರ್ಗಾಯಿಸುವ ಆರ್‌ಟಿಜಿಎಸ್ ಮಾಡಿಸುತ್ತಾರೆ. ಕೇಳಿದರೆ ಮನೆ ಕೊಳ್ಳುತ್ತಿದ್ದೇನೆ ಎನ್ನಿ, ನೆಂಟರ ಚಿಕಿತ್ಸೆಗೆ ಎನ್ನಿ ಎಂದು ಹೇಳಿಕೊಟ್ಟಿರುತ್ತಾರೆ. ಫೋನು ಜೇಬಿನಲ್ಲಿ ಚಾಲೂ ಇರುತ್ತದೆ, ಅವರು ಕೇಳಿಸಿಕೊಳ್ಳುತ್ತಿರುತ್ತಾರೆ. ಒಂಟಿಯಾಗಿ ಬಂದ ಹಿರಿಯರು, ಎಫ್‌ಡಿ ಮುರಿದು, ಹೆಸರೇ ಕೇಳದ ಕಂಪನಿಯ ಖಾತೆಗೆ ಕಳುಹಿಸುತ್ತಿದ್ದರೆ ಕೌಂಟರಿನವರು ಮಾತಾಡದೆ ಒಂದು ಚೀಟಿಯಲ್ಲಿ ಬರೆದು ಕೇಳಲಿ ಎಂದು ವಿನಂತಿಸಿಕೊಳ್ಳಿ. ಮನೆಯವರ ಫೋನ್ ನಂಬರನ್ನು ಹಿರಿಯರ ಒಪ್ಪಿಗೆಯಿಂದ ಶಾಖೆಯಲ್ಲಿ ಕೊಟ್ಟಿಡಿ.

ಮುಲುಂಡ್_ಮೊಬೈಲ್ ಬರೆದದ್ದು:

ಪಾಸ್‌ಬುಕ್ ಸರ್ ಹೇಳಿದ್ದು ಪೂರ್ತಿ ಸರಿ. ಫೋನಿನದು ನಾನು ಸೇರಿಸುತ್ತೇನೆ. ಒಂದು ಮನೆಗೆ 40 ನಿಮಿಷ ಇಟ್ಟುಕೊಳ್ಳಿ, ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಕೈಯಿಂದಲೇ ಒತ್ತಿಸಿ.

ಈಗ ಹೆಚ್ಚು ಹಾನಿ ಮಾಡುವುದು ಎಪಿಕೆ ಫೈಲು, ಅಂದರೆ ಪ್ಲೇ ಸ್ಟೋರಿನ ಹೊರಗಿನಿಂದ ಫೋನಿಗೆ ಆಪ್ ಹಾಕುವ ಫೈಲು. ಟ್ರಾಫಿಕ್ ಚಲನ್, ಮದುವೆ ಕರೆಯೋಲೆ, ಬ್ಯಾಂಕ್ ಕೆವೈಸಿ ಎಂಬ ಹೆಸರಿನಲ್ಲಿ ವಾಟ್ಸ್ಆಪ್‌ಗೆ ಬರುತ್ತದೆ. ನಮ್ಮ ಕಡೆ ಮಹಾನಗರ್ ಗ್ಯಾಸ್ ಹೆಸರಿನಲ್ಲಿ, ಕರೆಂಟ್ ಕಂಪನಿ ಹೆಸರಿನಲ್ಲಿ ‘ಇವತ್ತು ರಾತ್ರಿ 9:30ಕ್ಕೆ ಕನೆಕ್ಷನ್ ಕತ್ತರಿಸುತ್ತೇವೆ’ ಎಂದು ಬರುವುದೂ ಅದೇ ಜಾತಿ. ಅದನ್ನು ಇನ್‌ಸ್ಟಾಲ್ ಮಾಡಿ ಎಸ್ಎಂಎಸ್ ಓದುವ ಅನುಮತಿ ಕೊಟ್ಟರೆ ಮುಗಿಯಿತು, ಒಟಿಪಿಯನ್ನು ಯಾರೂ ಕೇಳಬೇಕಾಗಿಲ್ಲ, ಅದೇ ಕಳುಹಿಸುತ್ತದೆ. ‘ಒಟಿಪಿ ಯಾರಿಗೂ ಹೇಳಬೇಡಿ’ ಎಂಬ ಒಂದೇ ಪಾಠ ಕಲಿತವರು ಇಲ್ಲಿ ಸಿಕ್ಕಿಬೀಳುತ್ತಾರೆ, ಏಕೆಂದರೆ ಅವರು ನಿಜಕ್ಕೂ ಯಾರಿಗೂ ಹೇಳಿರುವುದಿಲ್ಲ.

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಆಪ್ಸ್, ಸ್ಪೆಷಲ್ ಆಪ್ ಆಕ್ಸೆಸ್, ಇನ್‌ಸ್ಟಾಲ್ ಅನ್‌ನೋನ್ ಆಪ್ಸ್ ತೆಗೆಯಿರಿ. ಅಲ್ಲಿ ವಾಟ್ಸ್ಆಪ್, ಕ್ರೋಮ್, ಫೈಲ್ಸ್, ಜಿಮೇಲ್ ಎಲ್ಲಕ್ಕೂ ಆಫ್ ಇರಬೇಕು. ಕಂಪನಿಯಿಂದ ಕಂಪನಿಗೆ ಮೆನು ಬೇರೆ ಇರುತ್ತದೆ, ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ‘ಅನ್‌ನೋನ್’ ಎಂದು ಬರೆದರೆ ಸಿಗುತ್ತದೆ. ಹೊಸ ಸ್ಯಾಮ್‌ಸಂಗ್ ಆಗಿದ್ದರೆ ಆಟೋ ಬ್ಲಾಕರ್ ಆನ್ ಮಾಡಿ. ಪ್ಲೇ ಸ್ಟೋರಿನಲ್ಲಿ ಪ್ಲೇ ಪ್ರೊಟೆಕ್ಟ್ ಆನ್ ಇರಲಿ. ಎನಿಡೆಸ್ಕ್, ಟೀಮ್‌ವ್ಯೂವರ್ ಥರದ ಆಪ್ ಇದ್ದರೆ ಯಾರು ಹಾಕಿಸಿದರು ಎಂದು ಕೇಳಿ. ಮಗ ದೂರದಿಂದ ರಿಪೇರಿ ಮಾಡಲು ಹಾಕಿದ್ದಾದರೂ ತೆಗೆಯಿಸಿ, ಬೇಕಾದಾಗ ಮತ್ತೆ ಹಾಕಬಹುದು.

ವಾಟ್ಸ್ಆಪ್‌ನಲ್ಲಿ ಪ್ರೈವಸಿ ಒಳಗೆ ಕಾಲ್ಸ್, ಅಲ್ಲಿ ‘ಸೈಲೆನ್ಸ್ ಅನ್‌ನೋನ್ ಕಾಲರ್ಸ್’ ಆನ್. ಪೊಲೀಸ್ ವೇಷದ ವಿಡಿಯೊ ಕಾಲುಗಳು ಹೆಚ್ಚಾಗಿ ಬರುವುದು ಇಲ್ಲಿ. ಗ್ರೂಪ್ಸ್‌ನಲ್ಲಿ ‘ಮೈ ಕಾಂಟ್ಯಾಕ್ಟ್ಸ್’ ಆರಿಸಿದರೆ ಷೇರು ಟಿಪ್ಸ್ ಗ್ರೂಪುಗಳಿಗೆ ಯಾರೋ ಎಳೆದು ಹಾಕುವುದು ತಪ್ಪುತ್ತದೆ. ಟು-ಸ್ಟೆಪ್ ವೆರಿಫಿಕೇಶನ್ ಹಾಕಿ. ಲಿಂಕ್ಡ್ ಡಿವೈಸಸ್‌ನಲ್ಲಿ ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಲಾಗೌಟ್ ಮಾಡಿ.

ಸಾದಾ ಕರೆಗಳಿಗೆ ಮಾತ್ರ ಈ ಸೈಲೆನ್ಸ್ ಹಾಕಬೇಡಿ. ಸಿಲಿಂಡರಿನವನು, ಲ್ಯಾಬಿನವನು, ಡಾಕ್ಟರ ಕಂಪೌಂಡರ್ ಎಲ್ಲ ಹೊಸ ನಂಬರಿನಿಂದಲೇ ಮಾಡುತ್ತಾರೆ. ಎರಡು ದಿನ ಕರೆ ತಪ್ಪಿದರೆ ಹಿರಿಯರು ಸಿಟ್ಟಾಗಿ ನೀವು ಮಾಡಿದ್ದೆಲ್ಲ ತೆಗೆದುಹಾಕುತ್ತಾರೆ.

ಕಾಲ್ ಫಾರ್ವರ್ಡಿಂಗ್ ಆನ್ ಆಗಿದೆಯೇ ಎಂದು ಫೋನ್ ಆಪ್‌ನ ಸೆಟ್ಟಿಂಗಿನಲ್ಲಿ ನೋಡಿ. ಅಲ್ಲಿ ಗೊತ್ತಿಲ್ಲದ ನಂಬರ್ ಕೂತಿದ್ದರೆ ಬ್ಯಾಂಕಿನ ಕರೆಗಳು ಬೇರೆಯವರಿಗೆ ಹೋಗುತ್ತಿವೆ ಎಂದರ್ಥ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಅವರ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದೂ ನೋಡಿ, ಅವರದಲ್ಲದ್ದನ್ನು ಅಲ್ಲೇ ‘ನನ್ನದಲ್ಲ’ ಎಂದು ಗುರುತು ಮಾಡಬಹುದು. ಅದೇ ತಾಣದಲ್ಲಿರುವ ‘ಚಕ್ಷು’ವಿನಲ್ಲಿ ಅನುಮಾನದ ಕರೆಗಳನ್ನು ತಿಳಿಸಬಹುದು. ಹಣ ಹೋಗಿದ್ದರೆ ಚಕ್ಷು ಅದಕ್ಕಲ್ಲ, ನೇರ 1930, ಅದು ಸೈಬರ್ ವಂಚನೆಗೆಂದೇ ಇರುವ ಸರ್ಕಾರಿ ಸಹಾಯವಾಣಿ.

ಎಪಿಕೆ ಆಗಲೇ ಹೊಕ್ಕಿದ್ದರೆ ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈಯೂ ಆಫ್. ಆಮೇಲೆ ಬೇರೆ ಫೋನಿನಿಂದ ಬ್ಯಾಂಕಿಗೆ, 1930ಕ್ಕೆ. ಆ ಫೋನಿನಿಂದ ಪಾಸ್‌ವರ್ಡ್ ಬದಲಿಸಬೇಡಿ, ಬದಲಿಸಿದ್ದೂ ಅವರಿಗೆ ಕಾಣುತ್ತದೆ. ಆಪ್ ತೆಗೆಯಲು ಹೋದಾಗ ಅನ್‌ಇನ್‌ಸ್ಟಾಲ್ ಬಟನ್ ಒತ್ತಲು ಬಿಡದಿದ್ದರೆ ಡಿವೈಸ್ ಅಡ್ಮಿನ್ ಆಪ್ಸ್‌ನಲ್ಲಿ, ಆಕ್ಸೆಸಿಬಿಲಿಟಿಯಲ್ಲಿ ಅದರ ಅನುಮತಿ ಕಿತ್ತುಹಾಕಿ ಪುನಃ ಪ್ರಯತ್ನಿಸಿ. ದೂರಿಗೆ ಬೇಕಾದ ಸ್ಕ್ರೀನಿನ ಫೋಟೊಗಳನ್ನು ಇನ್ನೊಂದು ಫೋನಿನಿಂದ ತೆಗೆದುಕೊಂಡ ಮೇಲೆ ಮಾತ್ರ ಫ್ಯಾಕ್ಟರಿ ರೀಸೆಟ್. ಅವಸರದಲ್ಲಿ ರೀಸೆಟ್ ಮಾಡಿ ಪುರಾವೆಯೆಲ್ಲ ಅಳಿಸಿಹೋಗುವುದು ಬಹಳ ಸಲ ಆಗುತ್ತದೆ.

ಘಾಟ್‌ಕೋಪರ್_ಓದುಗ ಬರೆದದ್ದು:

ಇಷ್ಟೆಲ್ಲ ಯಾಕೆ? ಎಲ್ಲರಿಗೂ ಸಾದಾ ಕೀಪ್ಯಾಡ್ ಫೋನ್ ಕೊಟ್ಟುಬಿಟ್ಟರೆ ಆಗದೇ?

ಹಿರಿಯರ_ಭೇಟಿ ಬರೆದದ್ದು:

ಆಗುವುದಿಲ್ಲ ಅಣ್ಣಾ. ಮೊಮ್ಮಗುವಿನ ಮುಖ ನೋಡುವುದು, ಊರಿನ ಕೋಲ, ಯಕ್ಷಗಾನ ನೋಡುವುದು ಅದೇ ಫೋನಿನಲ್ಲಿ. ಅದನ್ನು ಕಿತ್ತುಕೊಂಡರೆ ದಿನ ಇನ್ನಷ್ಟು ಖಾಲಿಯಾಗುತ್ತದೆ. ದಿನ ಖಾಲಿಯಾದವರೇ ಅಪರಿಚಿತರ ಜತೆ ಹೆಚ್ಚು ಹೊತ್ತು ಮಾತಾಡುತ್ತಾರೆ. ಒಟಿಪಿಯನ್ನು ಕೀಪ್ಯಾಡ್ ಫೋನಿನಲ್ಲೂ ಓದಿ ಹೇಳಬಹುದು. ಆದರೆ ಬ್ಯಾಂಕಿಗೆ ಜೋಡಿಸಿದ ಸಿಮ್ಮನ್ನು ಮಾತ್ರ ಕೀಪ್ಯಾಡ್ ಫೋನಿನಲ್ಲಿ ಇಟ್ಟು, ವಾಟ್ಸ್ಆಪ್‌ಗೆ ಬೇರೆ ನಂಬರ್ ಇಟ್ಟುಕೊಳ್ಳುವುದು ಒಳ್ಳೆಯ ದಾರಿ. ಸ್ಮಾರ್ಟ್‌ಫೋನಿಗೆ ಎಪಿಕೆ ಹೊಕ್ಕರೂ ಒಟಿಪಿ ಅಲ್ಲಿಗೆ ಬರುವುದೇ ಇಲ್ಲ.

ಮಾನದ ವಿಷಯ ಕೇಳಿದ್ದೀರಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಅದೇ. ವಂಚನೆಯಾದ ಮೇಲೆ ಹಿರಿಯರು ಮೊದಲು ಹೆದರುವುದು ಹಣ ಹೋಯಿತೆಂದಲ್ಲ, ಮಕ್ಕಳು ಏನೆನ್ನುತ್ತಾರೋ ಎಂದು. ಆ ಹೆದರಿಕೆಯಲ್ಲಿ ಎರಡು ದಿನ ಸುಮ್ಮನಿರುತ್ತಾರೆ. ಹಣ ತಡೆಹಿಡಿಯಲು ಇದ್ದ ಅವಕಾಶ ಆ ಎರಡು ದಿನದಲ್ಲಿ ಮುಗಿದುಹೋಗಿರುತ್ತದೆ, ಏಕೆಂದರೆ ಮೋಸದ ಹಣ ನಿಮಿಷಗಳಲ್ಲಿ ಬೇರೆಯವರಿಂದ ಬಾಡಿಗೆಗೆ ಪಡೆದ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಹತ್ತು ಖಾತೆಗೆ ಚದುರಿ ಎಟಿಎಂನಿಂದ ಹೊರಬೀಳುತ್ತದೆ. ಹಾಗಾಗಿ ತಂಡದವರ ಮೊದಲ ಮಾತು ‘ಅಷ್ಟೂ ಗೊತ್ತಾಗಲಿಲ್ಲವೇ’ ಎಂದಾಗಬಾರದು. ‘ಹೇಳಿದ್ದು ಒಳ್ಳೆಯದಾಯಿತು ಮಾಮಿ, ಬನ್ನಿ ಈಗಲೇ ಫೋನ್ ಮಾಡೋಣ’ ಎಂದಾಗಬೇಕು. ಈ ವಾಕ್ಯವನ್ನು ತಂಡದ 11 ಮಂದಿಯೂ ಬಾಯಿಪಾಠ ಮಾಡಿ. ಮಕ್ಕಳಿಗೂ ಮೊದಲೇ ಹೇಳಿಡಿ.

ವಾರದ ಫೋನಿನಲ್ಲಿ ‘ಮೋಸದ ಕರೆ ಬಂತೇ’ ಎಂದು ಕೇಳಿದರೆ ಇಲ್ಲ ಎಂದೇ ಉತ್ತರ ಬರುತ್ತದೆ. ‘ಈ ವಾರ ಹೊಸಬರು ಯಾರಾದರೂ ಫೋನ್ ಮಾಡಿದ್ದರೇ’ ಎಂದು ಕೇಳಿ. ಊಟ, ನಿದ್ದೆ, ಮಾತ್ರೆ ವಿಚಾರಿಸುವ ನಡುವೆ ಅದು ಬರಲಿ.

ಡಿಜಿಟಲ್ ಅರೆಸ್ಟಿನ ಲಕ್ಷಣಗಳು ಫೋನಿನಲ್ಲಿ ಗೊತ್ತಾಗುವುದಿಲ್ಲ, ಮನೆಯಲ್ಲಿ ಗೊತ್ತಾಗುತ್ತವೆ. ಬಾಗಿಲು ಹಾಕಿಕೊಂಡು ಒಂದೇ ಕೋಣೆಯಲ್ಲಿ ಇರುವುದು, ಫೋನ್ ಸದಾ ಚಾರ್ಜಿಗೆ ಹಾಕಿರುವುದು, ಕೆಲಸದ ಬಾಯಿಯನ್ನು, ಅಂದರೆ ಮನೆಗೆಲಸದವರನ್ನು, ನಾಳೆ ಬಾ ಎಂದು ವಾಪಸು ಕಳುಹಿಸುವುದು, ಊಟ ಬಿಡುವುದು, ಎಫ್‌ಡಿ ರಸೀದಿ ಹುಡುಕುವುದು, ಚಿನ್ನ ಅಡವಿಡುವ ಮಾತೆತ್ತುವುದು. ಬಿಲ್ಡಿಂಗಿನ ವಾಚ್‌ಮನ್, ಕೆಲಸದ ಬಾಯಿ, ಹಾಲಿನವನು, ಕೆಳಗಿನ ಮೆಡಿಕಲ್ ಅಂಗಡಿಯವರು ನಿಮ್ಮ ತಂಡಕ್ಕಿಂತ ಮೊದಲು ಇದನ್ನು ಗಮನಿಸುತ್ತಾರೆ. ಅವರಿಗೆ ಎರಡು ನಿಮಿಷ ವಿವರಿಸಿ, ತಂಡದ ಒಂದು ನಂಬರ್ ಕೊಡಿ.

ವಾರದ ಫೋನ್ ಎರಡು ಗಂಟೆ ಸತತ ಎಂಗೇಜ್ ಬಂದರೆ ಮತ್ತೆ ಮತ್ತೆ ಡಯಲ್ ಮಾಡುತ್ತ ಕೂರಬೇಡಿ, ಇಬ್ಬರು ಮನೆಗೆ ಹೋಗಿ. ಬಾಗಿಲು ತೆರೆದಾಗ ಜೋರಾಗಿ ಮಾತಾಡಬೇಡಿ, ಆ ಕಡೆಯವನು ಕೇಳಿಸಿಕೊಂಡು ಬೆದರಿಕೆ ಹೆಚ್ಚಿಸುತ್ತಾನೆ. ಎ4 ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ‘ಇದು ಮೋಸ. ನಿಮ್ಮನ್ನು ಯಾರೂ ಬಂಧಿಸುವುದಿಲ್ಲ. ಫೋನ್ ಇಡಿ, ನಾವಿದ್ದೇವೆ’ ಎಂದು ಬರೆದದ್ದನ್ನು ತಂಡದ ಚೀಲದಲ್ಲಿ ಸದಾ ಇಟ್ಟುಕೊಂಡಿರಿ, ಅದನ್ನು ತೋರಿಸಿ. ಫೋನನ್ನು ಅವರ ಕೈಯಿಂದ ಕಸಿಯಬೇಡಿ. ಅವರು ಆಗ ನಿಮ್ಮನ್ನೇ ಶತ್ರು ಎಂದು ಎಣಿಸಬಹುದು. ಅವರೇ ಕರೆ ಕತ್ತರಿಸಲಿ. ಕತ್ತರಿಸಿದ ಮೇಲೆ ನೀರು ಕೊಡಿ, ಬಿಪಿ, ಸಕ್ಕರೆ ಮಾತ್ರೆ ತಪ್ಪಿದೆಯೇ ನೋಡಿ. ಗಂಟೆಗಟ್ಟಲೆ ಕೂತವರು ಮಾತ್ರೆ ಬಿಟ್ಟೇ ಇರುತ್ತಾರೆ.

ಆಮೇಲಿನ ಒಂದು ವಾರ ಒಬ್ಬರೇ ಇರದಂತೆ ನೋಡಿಕೊಳ್ಳಿ. ನಿದ್ದೆ ಬಾರದಿರುವುದು, ಬಾಗಿಲ ಗಂಟೆಗೆ ಬೆಚ್ಚುವುದು, ‘ನಾನು ಇದ್ದು ಏನು ಪ್ರಯೋಜನ’ ಎಂಬ ಮಾತು ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಭಾಷೆಯನ್ನೂ ಆರಿಸಿಕೊಳ್ಳಬಹುದು. ಹಿರಿಯರ ಸಹಾಯವಾಣಿ ಎಲ್ಡರ್‌ಲೈನ್ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ.

ಕಲ್ಯಾಣ್_ವಕೀಲೆ ಬರೆದದ್ದು:

ಹಿರಿಯರಿಗೆ ಧೈರ್ಯ ಬರುವುದು ಕಾನೂನಿನ ಮಾತು ಖಚಿತವಾಗಿ ಕೇಳಿದಾಗ. ಆದ್ದರಿಂದ ಇವನ್ನು ಹೀಗೇ ಹೇಳಿ.

ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್ 27ರ ರೇಡಿಯೊ ಭಾಷಣದಲ್ಲಿ ಪ್ರಧಾನಿಯೇ ಇದನ್ನು ಹೇಳಿದ್ದಾರೆ. ಪೊಲೀಸ್ ನೋಟಿಸನ್ನು ವಾಟ್ಸ್ಆಪ್‌ನಲ್ಲಿ ಕಳುಹಿಸಿದರೆ ಅದು ಜಾರಿಯಾದಂತಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಪೊಲೀಸ್ ತನಿಖೆ, ಬಂಧನದ ನಿಯಮಗಳಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಪ್ರಕಾರ 60 ದಾಟಿದ ಗಂಡಸರನ್ನು, ಯಾವ ವಯಸ್ಸಿನ ಹೆಂಗಸರನ್ನೂ ಸಾಕ್ಷಿಯಾಗಿ ವಿಚಾರಿಸಲು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ಪೊಲೀಸರೇ ಅವರ ಮನೆಗೆ ಬರಬೇಕು. 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕೆ 60 ದಾಟಿದವರನ್ನು ಬಂಧಿಸಲು ಡಿವೈಎಸ್ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಬೇಕು, ಇದು 35ನೇ ಕಲಂ. ‘ಹಣವನ್ನು ಪರಿಶೀಲನೆಗೆ ಕಳುಹಿಸಿ, ಆಮೇಲೆ ವಾಪಸು ಕೊಡುತ್ತೇವೆ’ ಎನ್ನುವ ಕ್ರಮ ಯಾವ ತನಿಖಾ ಸಂಸ್ಥೆಯಲ್ಲೂ ಇಲ್ಲ. ಸುಪ್ರೀಂ ಕೋರ್ಟಿನ ಸೀಲು ಇರುವ ಆದೇಶ ತೋರಿಸಿದರೂ ನಂಬಬಾರದು. ಅಂಬಾಲದ ಹಿರಿಯ ದಂಪತಿಗೆ ಹೀಗೆ ನಕಲಿ ಕೋರ್ಟ್ ಆದೇಶ ತೋರಿಸಿದ ಪ್ರಕರಣವನ್ನೇ ನ್ಯಾಯಾಲಯ ತಾನಾಗಿ ಕೈಗೆತ್ತಿಕೊಂಡು 2025ರ ಡಿಸೆಂಬರಿನಲ್ಲಿ ಇಂಥ ವಂಚನೆಗಳ ತನಿಖೆಯನ್ನು ಸಿಬಿಐಗೆ ವಹಿಸಿತು.

ಹಣ ಹೋದ ಮೇಲಿನ ಕ್ರಮ. ಮೊದಲ ಕರೆ 1930. ಹಣ ಯಾವ ಖಾತೆಗೆ ಹೋಯಿತೋ ಅಲ್ಲೇ ಹಿಡಿದು ನಿಲ್ಲಿಸಲು ಆ ಬ್ಯಾಂಕಿಗೆ ಸೂಚನೆ ಹೋಗುವುದು ಈ ವ್ಯವಸ್ಥೆಯಿಂದ. ಕರೆ ಮಾಡುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಖಾತೆದಾರರ ಹೆಸರು, ಜೋಡಿಸಿದ ಮೊಬೈಲ್ ನಂಬರ್, ಬ್ಯಾಂಕ್, ಖಾತೆ ಸಂಖ್ಯೆ, ಹೋದ ಮೊತ್ತ, ದಿನ, ಸಮಯ, ವಹಿವಾಟಿನ ಸಂಖ್ಯೆ. ಯುಪಿಐ, ಐಎಂಪಿಎಸ್‌ನಲ್ಲಿ ಆ ಸಂಖ್ಯೆ 12 ಅಂಕಿಯದು, ನೆಫ್ಟ್‌ನಲ್ಲಿ 16, ಆರ್‌ಟಿಜಿಎಸ್‌ನಲ್ಲಿ 22 ಅಕ್ಷರ ಅಂಕಿ ಸೇರಿದ್ದು. ಇದು ಒಂದಂಕಿ ತಪ್ಪಾದರೂ ಹಣದ ಜಾಡು ಸಿಗುವುದಿಲ್ಲ, ಮೆಸೇಜು ನೋಡಿಯೇ ಓದಿ. ಐದು ಸಲ ಹೋಗಿದ್ದರೆ ಐದನ್ನೂ ಬೇರೆ ಬೇರೆ ಹೇಳಬೇಕು, ಒಟ್ಟು ಮೊತ್ತ ಹೇಳಿದರೆ ಸಾಲದು. ಲೈನ್ ಸಿಗದಿದ್ದರೆ ಕಾಯುತ್ತ ಕೂರದೆ ಇನ್ನೊಬ್ಬರು ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ (cybercrime.gov.in) ತಾಣದಲ್ಲಿ ದೂರು ತುಂಬಲು ಶುರುಮಾಡಲಿ. 1930ರಲ್ಲಿ ದೂರು ಕೊಟ್ಟವರಿಗೆ ಎಸ್ಎಂಎಸ್‌ನಲ್ಲಿ ಸ್ವೀಕೃತಿ ಸಂಖ್ಯೆ ಬರುತ್ತದೆ, 24 ಗಂಟೆಯೊಳಗೆ ತಾಣದಲ್ಲಿ ಪೂರ್ತಿ ವಿವರ ತುಂಬಬೇಕು. ಇದನ್ನು ಮರೆಯುವವರು ಬಹಳ.

ಅದೇ ದಿನ ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋದಾಗ 3 ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ತಾವೇ ಪಿನ್ ಹಾಕಿದ್ದರೆ, ಒಟಿಪಿ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಹೊಣೆ ಗ್ರಾಹಕರದೆಂದು ತೋರಿಸಿಕೊಡಬೇಕಾದ್ದು ಬ್ಯಾಂಕ್. ಆದ್ದರಿಂದ ತಿಳಿಸಿದ ದಿನ, ಗಂಟೆ ಇರುವ ಪುರಾವೆ ಬಹಳ ಮುಖ್ಯ. 30 ದಿನದಲ್ಲಿ ಬ್ಯಾಂಕ್ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು, ವಕೀಲರು ಬೇಕಿಲ್ಲ, ಶುಲ್ಕವಿಲ್ಲ.

ಠಾಣೆಯ ವಿಷಯ: ಡೊಂಬಿವಲಿ, ಕಲ್ಯಾಣ ಥಾಣೆ ಪೊಲೀಸ್ ಕಮಿಷನರೇಟಿಗೆ ಸೇರುತ್ತವೆ, ಮುಲುಂಡ್ ಮುಂಬಯಿಗೆ, ವಾಶಿ ನವಿ ಮುಂಬಯಿಗೆ, ಮೀರಾ ರೋಡ್, ವಸಾಯಿ, ವಿರಾರ್ ಬೇರೆಯೇ ಕಮಿಷನರೇಟಿಗೆ. ಹಿರಿಯರನ್ನು ಮುಂಬಯಿಯ ಸೈಬರ್ ಠಾಣೆವರೆಗೆ ಲೋಕಲ್ ರೈಲಿನಲ್ಲಿ ಕರೆದೊಯ್ಯುವ ಮೊದಲು ಇದನ್ನು ನೋಡಿಕೊಳ್ಳಿ. ನಮ್ಮ ವ್ಯಾಪ್ತಿಯಲ್ಲ ಎಂದು ಹತ್ತಿರದ ಠಾಣೆಯಲ್ಲಿ ಹೇಳಿದರೆ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿದ್ದರೂ ಮಾಹಿತಿ ದಾಖಲಿಸಬೇಕು ಎಂದು ವಿನಯದಿಂದ ನೆನಪಿಸಿ.

ಹಣ ಎಲ್ಲೋ ಒಂದು ಖಾತೆಯಲ್ಲಿ ತಡೆಹಿಡಿದಿದ್ದಾರೆ ಎಂದು ಗೊತ್ತಾದರೂ ಅದು ತಾನಾಗಿ ವಾಪಸು ಬರುತ್ತದೆಂದು ಕೂರಬೇಡಿ. ಸಂಹಿತೆಯ 503ನೇ ಕಲಂ ಅಡಿ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಿ ಆದೇಶ ಪಡೆಯುವ ದಾರಿಯಿದೆ. ವಕೀಲರಿಗೆ ಕೊಡಲು ಹಣವಿಲ್ಲದವರು 15100ಕ್ಕೆ ಫೋನ್ ಮಾಡಿ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಕೇಳಲಿ.

ಇನ್ನೊಂದು ಮಾತು. ಒಮ್ಮೆ ಮೋಸವಾದವರಿಗೆ ಕೆಲವೇ ವಾರದಲ್ಲಿ ‘ನಿಮ್ಮ ಹಣ ಸಿಕ್ಕಿದೆ, ವಾಪಸು ಕಳುಹಿಸಲು ಶುಲ್ಕ ಕಟ್ಟಿ’ ಎಂಬ ಕರೆ ಬರುತ್ತದೆ. ಅದೂ ಮೋಸವೇ. ದೂರು ಕೊಟ್ಟ ದಿನವೇ ಇದನ್ನು ಹೇಳಿಡಿ.

ಡೊಂಬಿವಲಿ_ಬಳಗ ಬರೆದದ್ದು:

ಇಷ್ಟು ವಿವರ ಸಿಗುತ್ತದೆಂದು ಎಣಿಸಿರಲಿಲ್ಲ, ಎಲ್ಲರಿಗೂ ಋಣಿ. ಎರಡು ಸಂಶಯ ಉಳಿದಿವೆ. ನವೆಂಬರ್ ಬಂದರೆ, ಪಿಂಚಣಿದಾರರು ಬದುಕಿದ್ದಾರೆಂದು ವರ್ಷಕ್ಕೊಮ್ಮೆ ಕೊಡುವ ಜೀವನ ಪ್ರಮಾಣಪತ್ರದ ಹೆಸರಿನಲ್ಲಿ ಕರೆಗಳು ಶುರುವಾಗುತ್ತವೆ, ಅದಕ್ಕೇನು ಮಾಡುವುದು? ಎರಡನೆಯದು, ನಮ್ಮ ತಂಡದವರೇ ಹಿರಿಯರ ಫೋನ್ ಮುಟ್ಟುವುದರಿಂದ ನಾಳೆ ನಮ್ಮ ಮೇಲೇ ಅನುಮಾನ ಬಂದರೆ?

ಪಾಸ್‌ಬುಕ್ ಬರೆದದ್ದು:

ಜೀವನ ಪ್ರಮಾಣಪತ್ರದ ಕರೆ ಯಾಕೆ ನಂಬಿಕೆಯಾಗುತ್ತದೆ ಎಂದರೆ ಮೋಸಗಾರನ ಬಳಿ ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ನಿವೃತ್ತಿಯ ದಿನ ಎಲ್ಲ ಇರುತ್ತದೆ. ಮಾಹಿತಿ ಗೊತ್ತಿದ್ದ ಮಾತ್ರಕ್ಕೆ ಅವನು ಆಫೀಸಿನವನಲ್ಲ ಎಂದು ಹೇಳಿ. ಒಳ್ಳೆಯ ಉಪಾಯವೆಂದರೆ ತಂಡವೇ ಮೊದಲು ಮಾಡಿಸಿಬಿಡುವುದು. ಸರ್ಕಾರಿ ಪಿಂಚಣಿಯವರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು, ಉಳಿದವರು ನವೆಂಬರ್ 1ರಿಂದ. ಇಪಿಎಸ್-95ರವರು ವರ್ಷದ ಯಾವ ದಿನ ಬೇಕಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಜೀವನ್ ಪ್ರಮಾಣ್ ಆಪ್‌ನಲ್ಲಿ ಮುಖ ತೋರಿಸಿ ಮಾಡಬಹುದು. ಬೆರಳಚ್ಚು ಸವೆದವರಿಗೆ ಇದೇ ಸುಲಭ, ಬೆಳಕು ಮುಖದ ಮೇಲೆ ಬೀಳಬೇಕು, ಕಿಟಕಿಗೆ ಬೆನ್ನು ಹಾಕಿ ಕೂತರೆ ಆಗುವುದಿಲ್ಲ. ಅಂಚೆಯವರು ಮನೆಗೆ ಬಂದೂ ಮಾಡಿಕೊಡುತ್ತಾರೆ, ಶುಲ್ಕ 70 ರೂಪಾಯಿ. ಮಾಡಿಸಿದ ಮೇಲೆ ಪ್ರಮಾಣಪತ್ರದ ಪ್ರತಿ ತೆಗೆದು ಫ್ರಿಜ್ಜಿನ ಮೇಲೆ ಅಂಟಿಸಿ. ಕರೆ ಬಂದಾಗ ‘ಆಗಿದೆ’ ಎಂದು ಹೇಳಿ ಇಟ್ಟುಬಿಡಲು ಅವರಿಗೆ ಅದೇ ಧೈರ್ಯ.

ಎರಡನೆಯದು ಬಹಳ ಸರಿಯಾದ ಪ್ರಶ್ನೆ. ನಿಯಮ ಮಾಡಿಕೊಳ್ಳಿ. ಮನೆಗೆ ಯಾವಾಗಲೂ ಇಬ್ಬರು ಹೋಗಬೇಕು, ಹಿರಿಯರು ಹೆಂಗಸಾದರೆ ಒಬ್ಬರಾದರೂ ಹೆಂಗಸರು. ಪಿನ್, ಒಟಿಪಿ ಹಾಕುವಾಗ ತಂಡದವರು ಎದ್ದು ಅಡುಗೆಮನೆಗೆ ಹೋಗಲಿ. ಫೋನನ್ನು ಮನೆಯಿಂದ ಹೊರಗೆ ತೆಗೆದುಕೊಂಡು ಹೋಗುವಂತಿಲ್ಲ. ಹಣ, ಸಹಿ ಹಾಕಿದ ಚೆಕ್, ಕಾರ್ಡ್ ಯಾವುದನ್ನೂ ತಂಡದವರು ಇಟ್ಟುಕೊಳ್ಳುವಂತಿಲ್ಲ. ರಿಜಿಸ್ಟರಿನಲ್ಲಿ ಹೆಸರು, ಮನೆ ಸಂಖ್ಯೆ, ಹತ್ತಿರದ ನೆಂಟರ ನಂಬರ್, ಡಾಕ್ಟರ ನಂಬರ್ ಸಾಕು, ಬ್ಯಾಂಕಿನ ವಿವರ ಒಂದಕ್ಷರವೂ ಬೇಡ. ಒಂಟಿ ಹಿರಿಯರ ಪಟ್ಟಿ ವಾಟ್ಸ್ಆಪ್ ಗ್ರೂಪಿಗೆ ಹೋಗಲೇಬಾರದು. ಮೋಸಗಾರರಿಗೆ ಅದಕ್ಕಿಂತ ಬೆಲೆಬಾಳುವ ಕಾಗದ ಇನ್ನೊಂದಿಲ್ಲ. ಶಾಖೆಗೆ ನಡೆದು ಹೋಗಲಾಗದವರಿಗೆ, 70 ದಾಟಿದ್ದರೆ, ಮನೆಬಾಗಿಲ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರ ನವೆಂಬರಿನಲ್ಲಿ ಬ್ಯಾಂಕುಗಳಿಗೆ ಹೇಳಿದೆ. ನಿಮ್ಮವರು ಹಣ ತಂದುಕೊಡುವ ಬದಲು ಅದನ್ನೇ ಕೇಳಿ.

ಹಿರಿಯರ_ಭೇಟಿ ಬರೆದದ್ದು:

ಮಗನ ದನಿಯಲ್ಲಿ ‘ಅಮ್ಮಾ, ಆ್ಯಕ್ಸಿಡೆಂಟ್ ಆಗಿದೆ’ ಎಂದು ಬರುವ ಕರೆಗೆ ಒಂದು ಮಾತು. ದನಿಯನ್ನು ಈಗ ಕಂಪ್ಯೂಟರ್ ನಕಲು ಮಾಡುತ್ತದೆ. ಪ್ರತಿ ಮನೆಯಲ್ಲೂ ಒಂದು ಗುಟ್ಟಿನ ಪ್ರಶ್ನೆ ಇರಲಿ, ಊರ ಮನೆಯ ಹಸುವಿನ ಹೆಸರು, ಅಜ್ಜಿ ಮಾಡುತ್ತಿದ್ದ ತಿಂಡಿ ಹೀಗೆ, ಫೇಸ್‌ಬುಕ್ಕಿನಲ್ಲಿ ಸಿಗದಂಥದು. ತುಳುವಿನಲ್ಲೋ ಮನೆಯ ಕನ್ನಡದಲ್ಲೋ ಕೇಳಿ. ಉತ್ತರ ತಡವರಿಸಿದರೆ ಫೋನ್ ಇಟ್ಟು ಮಗನ ಹಳೆಯ ನಂಬರಿಗೆ ತಾವೇ ಮಾಡಬೇಕು.

ನೀವು ಹೇಳಿದ, ಕನ್ನಡ ಮಾತ್ರ ಓದುವ ತಾಯಂದಿರಿಗೆ ಒಂದು ಕಾರ್ಡ್ ಮಾಡಿ. ಪೋಸ್ಟ್‌ಕಾರ್ಡಿನಷ್ಟು ದೊಡ್ಡದು, ಹಳದಿ ಕಾಗದ, ಕಪ್ಪು ಅಕ್ಷರ, ಅಕ್ಷರದ ಗಾತ್ರ 24ಕ್ಕೆ ಕಡಿಮೆ ಬೇಡ, ಲ್ಯಾಮಿನೇಟ್ ಮಾಡಿಸಿ. ಇದಕ್ಕಿಂತ ಹೆಚ್ಚು ಸಾಲು ತುಂಬಿದರೆ ಯಾರೂ ಓದುವುದಿಲ್ಲ:

ಪೊಲೀಸ್, ಸಿಬಿಐ, ಕೋರ್ಟ್ ಯಾರೂ ವಿಡಿಯೊ ಕಾಲಿನಲ್ಲಿ ಬಂಧಿಸುವುದಿಲ್ಲ.
ಹಣ ಬರಲು ಪಿನ್ ಬೇಡ.
‘ಯಾರಿಗೂ ಹೇಳಬೇಡಿ’ ಎಂದವನೇ ಕಳ್ಳ.
ಫೋನ್ ಇಡಿ. ಇವರಿಗೆ ಮಾಡಿ:
ಹಣ ಹೋಯಿತೇ? ಕೂಡಲೇ 1930.

ನಾಲ್ಕನೇ ಸಾಲಿನ ಮುಂದೆ ತಂಡದ ಇಬ್ಬರ ನಂಬರನ್ನು ಕೈಯಲ್ಲಿ ಬರೆಯಿರಿ, ಒಬ್ಬರದೇ ಬೇಡ, ಆ ಹೊತ್ತಿಗೆ ಅವರು ಲೋಕಲ್‌ನಲ್ಲಿ ಇರಬಹುದು. ಕಾರ್ಡನ್ನು ಬಾಗಿಲ ಬಳಿ ಅಂಟಿಸಬೇಡಿ, ಅಲ್ಲಿ ಅವರು ಫೋನ್ ಹಿಡಿದು ನಿಲ್ಲುವುದಿಲ್ಲ. ಫೋನ್ ಚಾರ್ಜಿಗೆ ಹಾಕುವ ಪ್ಲಗ್ಗಿನ ಮೇಲೆ, ಕೂತಾಗ ಕಣ್ಣಿಗೆ ಬೀಳುವ ಎತ್ತರದಲ್ಲಿ ಅಂಟಿಸಿ.